ಅಪ್‌ಡೇಟ್ ಆದರೂ ಉಳಿದುಹೋದ ಕೀಲಿಗಳು

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನ ಪರದೆಯ ಮೇಲೆ ಭದ್ರತಾ ಅಪ್‌ಡೇಟ್ ಬಂದಿದೆಯೆಂಬ ಸೂಚನೆ ಕಂಡರೆ ಗುಂಡಿ ಒತ್ತಿ, ಕೆಲಸ ಮುಗಿಯಿತೆಂದು ನಿಶ್ಚಿಂತರಾಗುವುದು ನಮ್ಮ ರೂಢಿ. ಗೂಢಲಿಪಿ ತಂತ್ರಾಂಶದ ವಿಷಯದಲ್ಲಿ ಅಷ್ಟು ಸಾಲದೆಂಬುದನ್ನು 2008ರ ಮೇ 13ರಂದು ಡೆಬಿಯನ್ ಯೋಜನೆ ಹೊರಡಿಸಿದ ಭದ್ರತಾ ಪ್ರಕಟಣೆ ತೋರಿಸಿಕೊಟ್ಟಿತು.

ಡೆಬಿಯನ್ ಎಂಬುದು ಸ್ವಯಂಸೇವಕರು ಕಟ್ಟಿ ನಡೆಸುವ, ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆ. ಅದರಲ್ಲಿರುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು ಗೂಢಲಿಪಿಯ ಕೀಲಿಗಳನ್ನು, ಅಂದರೆ ಮಾಹಿತಿಗೆ ಬೀಗ ಹಾಕುವ ಮತ್ತು ಗುರುತನ್ನು ಖಚಿತಪಡಿಸುವ ದೊಡ್ಡ ಸಂಖ್ಯೆಗಳನ್ನು, ತಯಾರಿಸುವಾಗ ಯಾರೂ ಊಹಿಸಲಾಗದ ಸಂಖ್ಯೆಗಳನ್ನು ಬಳಸಬೇಕು. ಮೆಮೊರಿ ದೋಷಗಳನ್ನು ಹುಡುಕುವ ವಾಲ್‌ಗ್ರೈಂಡ್ ಎಂಬ ಸಾಧನ ಪದೇ ಪದೇ ಎಚ್ಚರಿಕೆ ಕೊಡುತ್ತಿದ್ದುದರಿಂದ, 2006ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಡೆಬಿಯನ್ ಪ್ರತಿಯಲ್ಲಿ ಕೋಡಿನ ಎರಡು ಸಾಲುಗಳನ್ನು ಕೆಲಸ ಮಾಡದಂತೆ ಮುಚ್ಚಲಾಯಿತು. ಒಂದು ಸಾಲು ಹೋಗಿದ್ದರೆ ನಷ್ಟವಿರಲಿಲ್ಲ. ಇನ್ನೊಂದು, ವ್ಯವಸ್ಥೆಯಿಂದ ಬರುವ ಯಾದೃಚ್ಛಿಕ, ಅಂದರೆ ಊಹೆಗೆ ಸಿಗದ, ಅಂಶವನ್ನು ಒಳಗೆ ಬೆರೆಸುವ ಸಾಲೇ ಆಗಿತ್ತು. ಬದಲಾವಣೆ ಮಾಡಿದವರು ಮೂಲ ತಂತ್ರಾಂಶದವರನ್ನು ಮೊದಲೇ ವಿಚಾರಿಸಿದ್ದರು, ಆದ್ದರಿಂದ ಒಬ್ಬರ ಮೇಲೆಯೇ ಗೂಬೆ ಕೂರಿಸುವುದು ನ್ಯಾಯವಲ್ಲ.

ಆ ಸಾಲು ಹೋದ ಮೇಲೆ, ಒಂದು ಕೀಲಿಯನ್ನು ಇನ್ನೊಂದರಿಂದ ಬೇರೆ ಮಾಡಲು ಉಳಿದದ್ದು, ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ವ್ಯವಸ್ಥೆ ಕೊಡುವ ಪ್ರೋಸೆಸ್ ಸಂಖ್ಯೆಯೊಂದೇ. ಅದರ ಸಾಮಾನ್ಯ ಮಿತಿ 32,768. ಲೆಕ್ಕಕ್ಕೇ ಸಿಗದಷ್ಟು ಬಗೆಯ ಕೀಲಿಗಳು ಬರಬೇಕಾದ ಕಡೆ, ಒಂದು ಬಗೆಯ ಯಂತ್ರದಲ್ಲಿ ಒಂದೇ ಅಳತೆಯ ಕೀಲಿಗಳು ಮೂವತ್ತೆರಡು ಸಾವಿರದ ಆಸುಪಾಸಿಗೆ ಇಳಿದವು. ಅಷ್ಟನ್ನೂ ಮೊದಲೇ ತಯಾರಿಸಿ ಪಟ್ಟಿ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡುವುದು ಕಷ್ಟದ ಮಾತಲ್ಲ. ಡೆಬಿಯನ್ ಯೋಜನೆಯವರೇ ಆದ ಲುಸಿಯಾನೊ ಬೆಲ್ಲೊ ಇದನ್ನು ಪತ್ತೆಹಚ್ಚುವ ಹೊತ್ತಿಗೆ ಸುಮಾರು ಇಪ್ಪತ್ತು ತಿಂಗಳು ಕಳೆದಿದ್ದವು. ಡೆಬಿಯನ್ನಿನಿಂದಲೇ ರೂಪುಗೊಂಡ ಉಬುಂಟುವಿಗೂ ಈ ದೋಷ ಹರಡಿತ್ತು.

ತಂತ್ರಾಂಶ ಸರಿಪಡಿಸಿದ್ದು ಸುಲಭದ ಭಾಗ. ದೋಷವಿದ್ದ ದಿನಗಳಲ್ಲಿ ಹುಟ್ಟಿದ ಕೀಲಿಗಳು ಅಪ್‌ಡೇಟ್ ಆದ ಮೇಲೂ ದುರ್ಬಲವಾಗಿಯೇ ಉಳಿದವು. ಅಂಥ ಕೀಲಿಯನ್ನು ದೋಷವೇ ಇಲ್ಲದ ಬೇರೊಂದು ಸರ್ವರಿಗೆ ನಕಲು ಮಾಡಿಟ್ಟಿದ್ದರೆ ಅದರ ಬಾಗಿಲೂ ತೆರೆದಂತೆಯೇ. ಡಿಜಿಟಲ್ ಸಹಿಗೆ ಬಳಸುವ ಡಿಎಸ್‌ಎ ಬಗೆಯ ಕೀಲಿಗಳ ಗತಿ ಇನ್ನೂ ಕೆಟ್ಟದ್ದು: ಬೇರೆಡೆ ಸರಿಯಾಗಿಯೇ ತಯಾರಾಗಿದ್ದರೂ, ದೋಷವಿದ್ದ ಯಂತ್ರದಲ್ಲಿ ಸಹಿ ಹಾಕಲು ಒಮ್ಮೆ ಬಳಸಿದ್ದರೆ ಸಾಕು, ಅವುಗಳನ್ನು ನಂಬುವಂತಿರಲಿಲ್ಲ.

ಆದ್ದರಿಂದ ಡೆಬಿಯನ್ ದುರ್ಬಲ ಕೀಲಿಗಳ ಕಪ್ಪುಪಟ್ಟಿಯನ್ನೂ, ಅವನ್ನು ಹುಡುಕಿ ತೋರಿಸುವ ಸಾಧನವನ್ನೂ ಒದಗಿಸಿತು. ಸರ್ವರುಗಳ ನಿರ್ವಾಹಕರು ಹಳೆಯ ಕೀಲಿಯನ್ನು ಅಳಿಸಿ ಹೊಸದನ್ನು ತಯಾರಿಸಿದರು. ಮರುದಿನ ಅದೇ ಸರ್ವರಿಗೆ ಸಂಪರ್ಕಿಸಿದವರ ಪರದೆಯ ಮೇಲೆ, ಸರ್ವರಿನ ಗುರುತು ಬದಲಾಗಿದೆ, ಯಾರೋ ನಡುವೆ ಕದ್ದು ಕೇಳುತ್ತಿರಬಹುದು ಎಂಬ ಎಚ್ಚರಿಕೆ ಮೂಡಿತು. ಬದಲಾಗಿದ್ದದ್ದು ಕೀಲಿಯೇ ಹೌದಾದರೂ, ಅದನ್ನು ನಿರ್ವಾಹಕರೇ ಬದಲಿಸಿದ್ದಾರೆಯೇ ಎಂದು ಫೋನ್ ಮಾಡಿ ಕೇಳಿ ತಿಳಿದುಕೊಳ್ಳದೆ ಮುಂದುವರಿಯುವಂತಿರಲಿಲ್ಲ.