ಆರ್ಟ್ಸಿಗೆ ‘ಇಳಿಯೋದು’

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ನಮ್ಮ ಮನೆಗೆ ಸ್ವಲ್ಪ ದೂರದಲ್ಲಿ ಮಂಡಕ್ಕಿ ಭಟ್ಟಿಯವರೊಬ್ಬರಿದ್ದಾರೆ. ಪಿಯುಸಿ ಫಲಿತಾಂಶ ಬಂದು ವಾರವಾಗಿತ್ತು. ಬೆಳಿಗ್ಗೆ ಬೆಳಿಗ್ಗೆಯೇ ಮಗಳನ್ನು ಕರಕೊಂಡು ಬಂದರು. ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಮುಖದಲ್ಲಿ ಸಿಟ್ಟು. ಹುಡುಗಿ ಸೈನ್ಸಿನಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ, ಈಗ ಇತಿಹಾಸ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ.

“ಅಲ್ರೀ ಮೇಷ್ಟ್ರೇ, ಸೈನ್ಸ್ ಓದಿದೋಳು ಆರ್ಟ್ಸಿಗೆ ಇಳಿಯೋದಾ?” ಅಂದರು.

ಆ ‘ಇಳಿಯೋದು’ ಅನ್ನುವ ಮಾತು ಅವತ್ತೆಲ್ಲ ನನ್ನ ಕಿವಿಯಲ್ಲೇ ಇತ್ತು. ನೀವೂ ಗಮನಿಸಿ ನೋಡಿ. “ನಿಮ್ಮ ಹುಡುಗನಿಗೆ ಸೈನ್ಸ್ ಸಿಕ್ತಾ?” ಅಂತ ಕೇಳುತ್ತೇವೆ. “ಆರ್ಟ್ಸ್ ಸಿಕ್ತಾ?” ಅಂತ ಯಾರಾದರೂ ಕೇಳಿದ್ದು ಉಂಟೇ? ಅದು ಸಿಗುವುದಲ್ಲ, ಕೊನೆಗೆ ಉಳಿಯುವುದು. ಭಟ್ಟಿಯವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಸ್ಟಾಫ್ ರೂಮಿನಲ್ಲಿ ಕೂತು ಇದೇ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದೇನೆ.

ಹುಡುಗಿ ಮಾತ್ರ ಒಂದು ಹೊಸ ಹೆಸರು ಹಿಡಿದುಕೊಂಡು ಬಂದಿದ್ದಳು. “ಸರ್, ಲಿಬರಲ್ ಆರ್ಟ್ಸ್ ಅಂಡ್ ಸೈನ್ಸಸ್ ಅಂತ ಇದೆಯಂತಲ್ಲ, ಅದರಲ್ಲಿ ಎರಡೂ ಓದಬಹುದಂತೆ.”

ಹೆಸರು ನಮಗೆ ಹೊಸದು, ಸಂಗತಿ ಬಹಳ ಹಳೆಯದು. ಲ್ಯಾಟಿನ್ನಿನಲ್ಲಿ ‘ಲಿಬರ್’ ಅಂದರೆ ಸ್ವತಂತ್ರ. ಯಾರ ಆಳೂ ಅಲ್ಲದವನು ಕಲಿಯತಕ್ಕ ವಿದ್ಯೆಗಳು ಅಂತ ಅರ್ಥ. ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳು ಅಂಥ ಏಳನ್ನು ಎಣಿಸಿದ್ದವು. ವ್ಯಾಕರಣ, ತರ್ಕ, ಮಾತುಗಾರಿಕೆ ಮೂರಾದರೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಉಳಿದ ನಾಲ್ಕು. ನಾವು ಸೈನ್ಸ್ ಅನ್ನುವ ಗಣಿತ, ಖಗೋಳ ಅಲ್ಲಿ ಆರ್ಟ್ಸಿನ ಪಟ್ಟಿಯಲ್ಲಿವೆ. ಸಂಗೀತವನ್ನು ಗಣಿತದ ಪಕ್ಕ ಕೂರಿಸಿದ್ದು ಯಾಕೆ ಅಂದಿರೋ? ತಂಬೂರಿಯ ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿ ಮೀಟಿ, ಮೇಲಿನ ಷಡ್ಜ ಬರುತ್ತದೆ. ಮೂರರಲ್ಲಿ ಎರಡು ಪಾಲು ತಂತಿ ಬಿಟ್ಟು ಮೀಟಿ, ಪಂಚಮ. ಇದನ್ನು ನಾನು ಬಿಎಸ್ಸಿ ತರಗತಿಯಲ್ಲಿ ಸೊನೋಮೀಟರ್ ಅನ್ನುವ ತಂತಿ ಬಿಗಿದ ಪೆಟ್ಟಿಗೆಯ ಮೇಲೆ ಪ್ರತಿ ವರ್ಷ ತೋರಿಸಿದ್ದೇನೆ. ತೋರಿಸುವಾಗ ಒಂದು ಸಲವೂ ‘ಷಡ್ಜ’ ಅನ್ನುವ ಪದ ನನ್ನ ಬಾಯಿಗೆ ಬರಲಿಲ್ಲ.

ನಮ್ಮ ದೇಶದಲ್ಲೂ ಅಷ್ಟೆ. 7ನೇ ಶತಮಾನದಲ್ಲಿ ಇಲ್ಲಿಗೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇಲ್ಲಿನವರು ಕಲಿಯುವ ಐದು ವಿದ್ಯೆಗಳನ್ನು ಬರೆದಿಟ್ಟಿದ್ದಾನೆ: ಶಬ್ದವಿದ್ಯೆ ಅಂದರೆ ವ್ಯಾಕರಣ, ಶಿಲ್ಪಸ್ಥಾನವಿದ್ಯೆ ಅಂದರೆ ಕುಶಲಕಲೆಗಳು, ಚಿಕಿತ್ಸಾವಿದ್ಯೆ, ಹೇತುವಿದ್ಯೆ ಅಂದರೆ ತರ್ಕ, ಕೊನೆಗೆ ಅಧ್ಯಾತ್ಮವಿದ್ಯೆ. ವ್ಯಾಕರಣವೂ ವೈದ್ಯವೂ ಒಂದೇ ಪಂಕ್ತಿಯಲ್ಲಿ.

ಅಷ್ಟು ದೂರ ಯಾಕೆ, ಚಿತ್ರದುರ್ಗದ ಕೋಟೆಯ ಬೆನ್ನಿಗೇ ಇರುವ ಚಂದ್ರವಳ್ಳಿಗೆ ಬನ್ನಿ. ಭೈರವೇಶ್ವರ ಗುಡಿಯ ಹತ್ತಿರ ಒಂದು ಬಂಡೆ. ಅದರ ಮೇಲೆ ಕದಂಬರ ಮಯೂರಶರ್ಮನ ಶಾಸನ, 4ನೇ ಶತಮಾನದ್ದು. ಈ ಮಯೂರಶರ್ಮ ಮೊದಲಿಗೆ ಒಬ್ಬ ವಿದ್ಯಾರ್ಥಿ. ಹೆಚ್ಚಿನ ಓದಿಗೆ ಕಂಚಿಯ ಘಟಿಕೆಗೆ, ಅಂದರೆ ಆಗಿನ ವಿದ್ಯಾಪೀಠಕ್ಕೆ, ಹೋದವನು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ದರ್ಭೆ ಹಿಡಿಯುವ ಕೈಗೆ ಕತ್ತಿ ತೆಗೆದುಕೊಂಡ ಅಂತ ತಾಳಗುಂದದ ಶಾಸನ ಹೇಳುತ್ತದೆ. ಆದರೆ ಚಂದ್ರವಳ್ಳಿಯ ಬಂಡೆ ಸಾರುವುದು ಏನನ್ನು? ಅವನು ಕೆರೆ ಕಟ್ಟಿಸಿದ್ದನ್ನು. ವೇದ ಓದಲು ಹೋದವನು ರಾಜನಾಗಿ ಇಲ್ಲಿ ನೀರು ನಿಲ್ಲಿಸಿದ.

ಈಗ ಆ ಬಂಡೆಯನ್ನು ಯಾರು ಓದಬೇಕು ಹೇಳಿ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಹಾಗಾಗಿ ಭಾಷೆ ಬಲ್ಲವರು ಬೇಕು. ಕೆರೆ ಅಲ್ಲೇ ಯಾಕೆ ಕಟ್ಟಿದರು ಅನ್ನಲು ಗುಡ್ಡಗಳ ಇಳಿಜಾರು, ಬಂಡೆಯ ಜಾತಿ, ಮಳೆಯ ಲೆಕ್ಕ ತಿಳಿದವರು ಬೇಕು. ಪುರಾತತ್ವಜ್ಞರಾದ ಡಾ. ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ, ಆಮೇಲೆ ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ಅಗೆಸಿದಾಗ ಶಾತವಾಹನರ ಕಾಲದ ಪದರಗಳು ಸಿಕ್ಕವು, ರೋಮನ್ ನಾಣ್ಯಗಳೂ ಸಿಕ್ಕವು. ಅವು ಇಲ್ಲಿಗೆ ಹೇಗೆ ಬಂದವು ಅನ್ನುವುದು ಅರ್ಥಶಾಸ್ತ್ರ. ನಾಣ್ಯದಲ್ಲಿ ಬೆಳ್ಳಿ ಎಷ್ಟು ಅನ್ನುವುದು ರಸಾಯನಶಾಸ್ತ್ರ. ಆ ಬಂಡೆಯ ಮುಂದೆ ನಿಂತು “ನಾನು ಆರ್ಟ್ಸ್, ನೀನು ಸೈನ್ಸ್” ಅಂದರೆ ಇಬ್ಬರೂ ಅರ್ಧ ಓದಿ ಮನೆಗೆ ಹೋಗುತ್ತೀವಿ. ನಾನಂತೂ ಎನ್ನೆಸ್ಸೆಸ್ ಶಿಬಿರಕ್ಕೆ ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗಿ, ಚಿತ್ರಾನ್ನದ ಪೊಟ್ಟಣ ಎಣಿಸಿ ವಾಪಸ್ ಬಂದವನು.

ಇದೇ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಗಲ್ಲುಗಳನ್ನು ಕಂಡವರಿದ್ದೀರಾ? ಒಂದರ ಮೇಲೊಂದು ದಿಂಬು ಒಟ್ಟಿದ ಹಾಗಿರುವ ಕರಿಗಲ್ಲು. ಲಾವಾ ನೀರಿನೊಳಗೆ ಉಕ್ಕಿ ಥಟ್ಟನೆ ತಣಿದರೆ ಮಾತ್ರ ಆ ಆಕಾರ ಬರುತ್ತದೆ. ಅಂದರೆ ಮಳೆಗೆ ಬಾಯಿಬಿಟ್ಟುಕೊಂಡು ಕೂರುವ ಈ ಬರದ ನೆಲ ಸುಮಾರು 250 ಕೋಟಿ ವರ್ಷದ ಕೆಳಗೆ ನೀರಿನಡಿ ಇತ್ತು. ಕವಿಗೂ ಬೇಕಾದ ಕಲ್ಲು ಅದು.

ಸರಿ, ಇಂಥ ಓದು ಎಲ್ಲಿದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿ ಶುರುಮಾಡಿದಾಗ ಮಾನವಿಕ ವಿಷಯಗಳನ್ನೂ ಅದರೊಳಗೆ ಸೇರಿಸಿತು. ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಮೊದಲು ಎಲ್ಲವನ್ನೂ ಒಂದಿಷ್ಟು ಓದಿ, ಆಮೇಲೆ ಒಂದು ಮೇಜರ್ ಅಂದರೆ ಮುಖ್ಯ ವಿಷಯ, ಬೇಕಾದರೆ ಒಂದು ಮೈನರ್ ಅಂದರೆ ಜೊತೆ ವಿಷಯ ಆರಿಸಿಕೊಳ್ಳಬಹುದು. ಭೌತಶಾಸ್ತ್ರದ ಜೊತೆ ತತ್ವಶಾಸ್ತ್ರ ತಗೊಂಡರೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಶುಲ್ಕ ವರ್ಷಕ್ಕೆ ಲಕ್ಷಗಳ ಲೆಕ್ಕ. ಮನೆಯ ಆದಾಯ ನೋಡಿ ರಿಯಾಯಿತಿ ಕೊಡುವವರೂ ಇದ್ದಾರೆ, ವಿಚಾರಿಸದೆ ಕೈಬಿಡಬೇಡಿ.

ನಮ್ಮ ಸರ್ಕಾರಿ ಕಾಲೇಜುಗಳಲ್ಲೂ 2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ನಾಲ್ಕು ವರ್ಷದ ಪದವಿ ಬಂತು, ಬೇರೆ ವಿಭಾಗದ ವಿಷಯವನ್ನೂ ಆರಿಸಿಕೊಳ್ಳುವ ಓಪನ್ ಎಲೆಕ್ಟಿವ್ ಬಂತು. ವಿಜ್ಞಾನದ ಹುಡುಗರು ಇತಿಹಾಸದ ಕ್ಲಾಸಿಗೆ ಬಂದರು. ಸಂತೋಷಪಟ್ಟೆ. ಆಮೇಲೆ ತಿಳಿಯಿತು, ಎಷ್ಟೋ ಕಡೆ ಮಕ್ಕಳು ಆರಿಸಿದ್ದು ಇಷ್ಟಪಟ್ಟ ವಿಷಯವನ್ನಲ್ಲ, ಟೈಮ್‌ಟೇಬಲ್ಲಿನಲ್ಲಿ ಖಾಲಿ ಇದ್ದ ಮೇಷ್ಟ್ರನ್ನು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪದವಿ ಮೂರು ವರ್ಷವೋ ನಾಲ್ಕೋ ಅನ್ನುವ ಜಗಳದಲ್ಲಿ, ಬಾಗಿಲು ತೆರೆದಿರಬೇಕೋ ಬೇಡವೋ ಅನ್ನುವ ಮಾತು ಕಳೆದುಹೋಯಿತು ಅಂತ ನನ್ನ ಬೇಸರ.

ಭಟ್ಟಿಯವರ ನಿಜವಾದ ಪ್ರಶ್ನೆ ಬೇರೆಯೇ ಇತ್ತು. ಕೆಲಸ ಸಿಗುತ್ತಾ? ಒಲೆಯ ಮುಂದೆ ಬೆವರು ಸುರಿಸಿ ಫೀಸು ಕಟ್ಟುವವರು ಕೇಳಬೇಕಾದ ಪ್ರಶ್ನೆಯೇ ಅದು. ನಾನು ಸುಳ್ಳು ಹೇಳಲಿಲ್ಲ. ಕ್ಯಾಂಪಸ್ಸಿಗೆ ಬಂದು ಆರಿಸಿಕೊಂಡು ಹೋಗುವ ಕಂಪನಿಗಳು ಇತಿಹಾಸದವರನ್ನು ಹುಡುಕಿಕೊಂಡು ಬರುವುದು ಕಡಿಮೆ. ಕೆಎಎಸ್, ಐಎಎಸ್ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ, ಬಿ.ಎಡ್. ಮಾಡಿದರೆ ಶಾಲೆ ಇದೆ, ಪುರಾತತ್ವ ಇದೆ, ಆದರೆ ಯಾವುದೂ ಬೇಗ ಆಗುವ ಕೆಲಸವಲ್ಲ ಅಂದೆ. ಅವರು ಸುಮ್ಮನಾದರು. ಹುಡುಗಿಯೂ ಸುಮ್ಮನಾದಳು.

ಹೋದ ಭಾನುವಾರ ಮೂವರೂ ಬಸ್ಸು ಹತ್ತಿ ಚಂದ್ರವಳ್ಳಿಗೆ ಬಂದೆವು. ಭಟ್ಟಿಯವರು ದುರ್ಗಕ್ಕೆ ಎಷ್ಟೋ ಸಲ ಬಂದವರೇ, ಒನಕೆ ಓಬವ್ವನ ಕಿಂಡಿ ನೋಡಿ ವಾಪಸ್ ಹೋದವರು. ಶಾಸನದ ಬಂಡೆಯ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ ಗುಡ್ಡದ ಕಡೆ ಕೈತೋರಿಸಿ, “ಅಲ್ಲವ್ವಾ, ಈ ಕೆರೆಗೆ ನೀರು ಯಾವ ಕಡೆಯಿಂದ ಇಳೀತಿತ್ತು?” ಅಂತ ಮಗಳನ್ನು ಕೇಳಿದರು. ಅವಳು ಕೂತು ಕಡ್ಡಿಯಲ್ಲಿ ಮಣ್ಣಿನ ಮೇಲೆ ಗೆರೆ ಎಳೆಯತೊಡಗಿದಳು.

ಪ್ರವೇಶದ ಅರ್ಜಿ ಇನ್ನೂ ತುಂಬಿಲ್ಲ. ಕೊನೆಯ ದಿನಕ್ಕೆ ಇನ್ನೊಂದು ವಾರವಿದೆ.

ನಮಸ್ಕಾರ.