ಬಾನುಲಿಯಲ್ಲಿ ಬಂದ ಚಿತ್ರ

ಕೇಳುಗರೇ, ನಮಸ್ಕಾರ.

1929ರ ಸೆಪ್ಟೆಂಬರ್ 30ರ ನಂತರದ ದಿನಗಳಲ್ಲಿ, ಲಂಡನ್ನಿನ ಮನೆಯೊಂದರಲ್ಲಿ ಯಾರಾದರೂ ನಿಗದಿತ ಹೊತ್ತಿಗೆ ರೇಡಿಯೊ ಹಾಕಿದ್ದರೆ, ಮಾತು ಸಂಗೀತಗಳ ಬದಲು ಗರಗರ ಎನ್ನುವ ಕರ್ಕಶ ಸದ್ದೊಂದು ಅವರ ಕಿವಿಗೆ ಬೀಳುತ್ತಿತ್ತು. ಆ ಸದ್ದೇ ಚಿತ್ರ. ಸ್ಕಾಟ್ಲೆಂಡಿನ ಸಂಶೋಧಕ ಜಾನ್ ಲೋಗಿ ಬೇರ್ಡ್ ಅವರ ಟೆಲಿವಿಷನ್ನನ್ನು ಬಿಬಿಸಿ ತನ್ನ ಮಾಮೂಲಿ ರೇಡಿಯೊ ಪ್ರಸಾರಕದಿಂದಲೇ ಬಿತ್ತರಿಸುತ್ತಿತ್ತು. ಆರಂಭದಲ್ಲಿ ಪ್ರಸಾರಕ ಒಂದೇ ಇದ್ದುದರಿಂದ ಮೊದಲು ಮುಖ, ಆಮೇಲೆ ಅದರ ಮಾತು ಎಂಬಂತೆ ಸರದಿಯ ಮೇಲೆ ಕಳುಹಿಸಬೇಕಾಗಿತ್ತು. ಎರಡನ್ನೂ ಒಟ್ಟಿಗೆ ಕಳುಹಿಸುವುದು ಸಾಧ್ಯವಾದದ್ದು 1930ರ ಮಾರ್ಚ್‌ನಲ್ಲಿ.

ಚಿತ್ರ ಸದ್ದಾಗುವುದು ಹೇಗೆ? ನಮ್ಮ ಕಣ್ಣು ಒಂದು ದೃಶ್ಯವನ್ನು ಇಡಿಯಾಗಿ ಕಾಣುತ್ತದೆ, ಆದರೆ ಒಂದು ತಂತಿಯಾಗಲಿ ಒಂದು ರೇಡಿಯೊ ತರಂಗವಾಗಲಿ ಒಂದು ಕ್ಷಣಕ್ಕೆ ಒಂದೇ ಮೌಲ್ಯವನ್ನು ಹೊರಬಲ್ಲದು. ಆದ್ದರಿಂದ ನೇಕಾರ ಲಾಳಿಯನ್ನು ಅತ್ತಿಂದಿತ್ತ ಓಡಿಸಿ ಎಳೆಯ ಮೇಲೆ ಎಳೆ ಕೂಡಿಸಿ ಸೀರೆ ನೇಯುವಂತೆ, ಚಿತ್ರವನ್ನೂ ಗೆರೆಗೆರೆಯಾಗಿ ಬಿಡಿಸಿ ಕಳುಹಿಸಿ, ಆಚೆ ಬದಿಯಲ್ಲಿ ಅದೇ ಲಯದಲ್ಲಿ ಮತ್ತೆ ಹೆಣೆಯಬೇಕು. ಈ ಕೆಲಸಕ್ಕೆ 1884ರಲ್ಲಿ ಪೇಟೆಂಟ್ ಬೇಡಿದವರು ಬರ್ಲಿನ್ನಿನಲ್ಲಿ ಓದುತ್ತಿದ್ದ ಪೌಲ್ ನಿಪ್ಕೊ. ಸುರುಳಿಯಾಕಾರದಲ್ಲಿ 24 ರಂಧ್ರಗಳಿರುವ ಒಂದು ತಟ್ಟೆ ತಿರುಗಿದಾಗ ಪ್ರತಿಯೊಂದು ರಂಧ್ರವೂ ದೃಶ್ಯದ ಮೇಲೆ ಒಂದೊಂದು ಗೆರೆ ಹಾಯುತ್ತದೆ. ತಟ್ಟೆ ಒಂದು ಸುತ್ತು ಮುಗಿಸಿದರೆ ಒಂದು ಚಿತ್ರ ಮುಗಿಯುತ್ತದೆ. ರಂಧ್ರದಿಂದ ಬಂದ ಬೆಳಕನ್ನು ವಿದ್ಯುತ್ತಾಗಿ ಓದಲು ಆಗ ಇದ್ದದ್ದು ಸೆಲೆನಿಯಂ ಒಂದೇ. ಅದು ನಿಧಾನ, ಅದರಿಂದ ಬರುವ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸುವ ವಾಲ್ವ್ ಎಂಬ ಗಾಜಿನ ಕೊಳವೆ ಇನ್ನೂ ಹುಟ್ಟಿಯೇ ಇರಲಿಲ್ಲ. ನಿಪ್ಕೊ ಪೇಟೆಂಟನ್ನು ನವೀಕರಿಸದೆ ಬಿಟ್ಟು, ರೈಲ್ವೆ ಸಿಗ್ನಲ್‌ಗಳ ಎಂಜಿನಿಯರಾದರು.

ನಾಲ್ಕು ದಶಕಗಳ ನಂತರ ಅದೇ ತಟ್ಟೆಯನ್ನು ಕೈಗೆತ್ತಿಕೊಂಡವರು ಬೇರ್ಡ್. 1925ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಫ್ರಿತ್ ಬೀದಿಯ ಅಟ್ಟದ ಕೋಣೆಯಲ್ಲಿ ಮೊದಲು ಮೂಡಿದ್ದು ಒಂದು ಬೊಂಬೆಯ ತಲೆ, ಏಕೆಂದರೆ ದೀಪಗಳ ಕಾವನ್ನು ಮನುಷ್ಯರು ತಾಳುವಂತಿರಲಿಲ್ಲ. ಆಮೇಲೆ ಕೆಳಗಿನ ಕಚೇರಿಯ ಹುಡುಗನೊಬ್ಬನನ್ನು ಕರೆತಂದು, ಕೈಯಲ್ಲಿ ಅರ್ಧ ಕ್ರೌನ್ ನಾಣ್ಯವಿಟ್ಟು ಕೂರಿಸಬೇಕಾಯಿತು. 1926ರ ಜನವರಿ 26ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರು ಅದೇ ಕೋಣೆಗೆ ಬಂದು ಪ್ರಾತ್ಯಕ್ಷಿಕೆಯನ್ನು ನೋಡಿದರು.

ಬೇರ್ಡ್ ಅವರ ಚಿತ್ರದಲ್ಲಿದ್ದ ಗೆರೆಗಳು ಕೇವಲ 30. ಇದನ್ನು ಅವರ ಕೊರತೆ ಎಂದು ಹೇಳುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಗೆರೆಗಳನ್ನು ದುಪ್ಪಟ್ಟು ಮಾಡಿದರೆ ಚಿತ್ರದ ವಿವರ ಎರಡೂ ದಿಕ್ಕಿನಲ್ಲಿ ಬೆಳೆಯುವುದರಿಂದ ತರಂಗ ಹೊರಬೇಕಾದ ಹೊರೆ ನಾಲ್ಕು ಪಟ್ಟಾಗುತ್ತದೆ, ಮತ್ತು ಧ್ವನಿಗೆಂದು ಮಾಡಿದ ಮಧ್ಯಮ ತರಂಗದ ಕಿರಿದಾದ ದಾರಿಯಲ್ಲಿ 30 ಗೆರೆಗಳ ಒಂದು ಮುಖ ತೂರಿ ಬಂದದ್ದೇ ಹೆಚ್ಚು.

ತಟ್ಟೆಯ ತೊಡಕು ಬೇರೆಯದು. ಲೋಹವನ್ನು ಎಷ್ಟು ವೇಗವಾಗಿ ತಿರುಗಿಸಿದರೂ ಅದಕ್ಕೊಂದು ಮಿತಿಯಿದೆ. ಗಾಜಿನ ಕೊಳವೆಯೊಳಗಿನ ಎಲೆಕ್ಟ್ರಾನುಗಳ ಧಾರೆಯಾದ ಕ್ಯಾಥೋಡ್ ಕಿರಣವನ್ನಾದರೆ ಅಯಸ್ಕಾಂತದಿಂದ ಬೇಕಾದ ಕಡೆಗೆ ಕ್ಷಣಾರ್ಧದಲ್ಲಿ ಬಾಗಿಸಬಹುದು. ಕಳುಹಿಸುವ ತುದಿಯಲ್ಲೂ ನೋಡುವ ತುದಿಯಲ್ಲೂ ಅದನ್ನೇ ಬಳಸಬೇಕೆಂದು ಎಂಜಿನಿಯರ್ ಕ್ಯಾಂಬೆಲ್ ಸ್ವಿಂಟನ್ 1908ರಲ್ಲೇ ನೇಚರ್ ಪತ್ರಿಕೆಗೆ ಬರೆದಿದ್ದರು. 1927ರ ಸೆಪ್ಟೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 21 ವರ್ಷದ ಫೈಲೊ ಫಾರ್ನ್ಸ್‌ವರ್ತ್ ತಮ್ಮ ಎಲೆಕ್ಟ್ರಾನಿಕ್ ಕ್ಯಾಮೆರಾದಿಂದ ಒಂದು ಸರಳರೇಖೆಯನ್ನು ಪಕ್ಕದ ಕೋಣೆಗೆ ಕಳುಹಿಸಿ ತೋರಿಸಿದರು.

ಎರಡು ದಾರಿಗಳೂ ಮುಖಾಮುಖಿಯಾದದ್ದು 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ. ಬೇರ್ಡ್ ಕಂಪನಿಯ 240 ಗೆರೆಗಳ ಪದ್ಧತಿಗೂ ಮಾರ್ಕೋನಿ ಇಎಂಐ ಕಂಪನಿಯ 405 ಗೆರೆಗಳ ಎಲೆಕ್ಟ್ರಾನಿಕ್ ಪದ್ಧತಿಗೂ ಬಿಬಿಸಿ ವಾರ ಬಿಟ್ಟು ವಾರ ಅವಕಾಶ ಕೊಟ್ಟಿತು. ಬೇರ್ಡ್ ಪಕ್ಷದವರು ದೃಶ್ಯವನ್ನು ಮೊದಲು ಫಿಲ್ಮಿನಲ್ಲಿ ಸೆರೆಹಿಡಿದು, ಒಂದು ನಿಮಿಷದಷ್ಟರಲ್ಲಿ ರಾಸಾಯನಿಕಗಳಲ್ಲಿ ಅದ್ದಿ ತೊಳೆದು, ಇನ್ನೂ ಒದ್ದೆಯಾಗಿರುವಾಗಲೇ ಅದನ್ನು ಓದಿಸುತ್ತಿದ್ದರು. ನೀರಿನ ತೊಟ್ಟಿಗೆ ಕಟ್ಟಿಹಾಕಿದ ಕ್ಯಾಮೆರಾ ಕದಲುವುದೆಲ್ಲಿ? 1937ರ ಆರಂಭದಲ್ಲಿ ಆ ಪದ್ಧತಿಗೆ ತೆರೆ ಬಿತ್ತು. ಗೆದ್ದ ಪದ್ಧತಿಯಲ್ಲಿ ಜಾಣ ಉಪಾಯವೊಂದಿತ್ತು: ಮೊದಲು ಬೆಸ ಗೆರೆಗಳು, ಬಳಿಕ ಸಮ ಗೆರೆಗಳು, ಹೀಗೆ ಸೆಕೆಂಡಿಗೆ 50 ಅರೆಚಿತ್ರಗಳು, ಹೊರೆ ಹೆಚ್ಚದೆ ಕಣ್ಣಿಗೆ ಮಿಣುಕು ತಪ್ಪಿತು. ನಮ್ಮ ದೂರದರ್ಶನದ ಹಿಂದಿನ 625 ಗೆರೆಗಳ ಚಿತ್ರವೂ ಇದೇ ಹೆಣಿಗೆಯದಾಗಿತ್ತು. ಅಂದ ಹಾಗೆ, 1959ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತದ ಟೆಲಿವಿಷನ್ನೂ 1976ರವರೆಗೆ ಆಕಾಶವಾಣಿಯ ಸೂರಿನಡಿಯಲ್ಲೇ ಇತ್ತು.

ಮತ್ತೆ ಆ ಗರಗರ ಸದ್ದಿಗೆ ಬರೋಣ. ಚಿತ್ರ ಸದ್ದಾಗಿದ್ದುದರಿಂದ, ಬೇರ್ಡ್ ಅದನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಕೊರೆದಿಡಲು 1927ರಲ್ಲೇ ಯತ್ನಿಸಿದ್ದರು. ಆ ತಟ್ಟೆಗಳಿಂದ ನೋಡತಕ್ಕ ಚಿತ್ರವನ್ನು ಮರಳಿ ಪಡೆಯಲು ಅವರಿಗಾಗಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಡೊನಾಲ್ಡ್ ಮೆಕ್ಲೀನ್ ಎಂಬ ಎಂಜಿನಿಯರ್ ಆ ಸದ್ದನ್ನು ಕಂಪ್ಯೂಟರಿಗೆ ಕೊಟ್ಟು, ತಪ್ಪಿದ್ದ ಲಯವನ್ನು ಗೆರೆಗೆರೆಯಾಗಿ ಸರಿಪಡಿಸಿದರು. ಅತ್ಯಂತ ಹಳೆಯ ತಟ್ಟೆಯಿಂದ ಎದ್ದು ಬಂದದ್ದು ಅದೇ ಬೊಂಬೆಯ ತಲೆ.