ಟೈಲ್ ಕೆಳಗೆ ಗಾಳಿ ಉಳಿಯದಿರಲಿ

ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಟೈಲ್ ಇದ್ದರೆ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ನಡುವೆ ಒಮ್ಮೆ, ಮೂಲೆಗಳಲ್ಲಿ ಒಮ್ಮೊಮ್ಮೆ. ಎಲ್ಲ ಕಡೆ ಗಟ್ಟಿ ಸದ್ದು ಬಂದರೆ ಒಳ್ಳೆಯದು. ಮೂಲೆಯಲ್ಲಿ ಪೊಳ್ಳು ಸದ್ದು ಬಂದರೆ ಅಲ್ಲಿ ಅಂಟು ಹಿಡಿದಿರಲಿಕ್ಕಿಲ್ಲ, ಕೆಳಗೆ ಬರೀ ಗಾಳಿ ಇರಬಹುದು. ಭಾರದ ವಸ್ತು ಬಿದ್ದಾಗ ಬೇಗ ಒಡೆಯುವುದು ಅಂಥ ಮೂಲೆಯೇ. ಟೈಲ್ ಕಿತ್ತು ಬಂದಾಗ ನಾವು ಅಂಟನ್ನೇ ಬೈಯುತ್ತೇವೆ, ಅಲ್ವಾ? ಆದರೆ ತಪ್ಪು ಹೆಚ್ಚಾಗಿ ಇರುವುದು ಅದನ್ನು ಕಲಸಿದ ಮತ್ತು ಹಚ್ಚಿದ ರೀತಿಯಲ್ಲಿ.

ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ. ನಿಮ್ಮ ಟೈಲ್ ನೀರು ಕುಡಿಯುತ್ತದೋ ಇಲ್ಲವೋ ಎಂದು ನೋಡಿಕೊಳ್ಳಿ. ಹಿಂಬದಿಗೆ ಒಂದು ಹನಿ ನೀರು ಹಾಕಿ. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ ಅದನ್ನು ಬೇಗ ಹೀರಿಕೊಳ್ಳುತ್ತದೆ. ಗಾಜಿನಂತೆ ಬಿಗಿಯಾಗುವವರೆಗೆ ಸುಟ್ಟ ವಿಟ್ರಿಫೈಡ್ ಟೈಲ್ ಹೀರುವ ನೀರು ಅದರ ತೂಕದ ಶೇ. 0.5ಕ್ಕಿಂತ ಹೆಚ್ಚಿರುವುದಿಲ್ಲ. ಹೀಗಿರುವಾಗ ಬರೀ ಸಿಮೆಂಟ್ ಗಾರೆಗೆ ಅದರೊಳಗೆ ಬೇರು ಬಿಡಲು ಜಾಗವೇ ಇಲ್ಲ. ಅದಕ್ಕೆ ಪಾಲಿಮರ್, ಅಂದರೆ ಹಿಡಿತ ಹೆಚ್ಚಿಸುವ ರಾಳದಂಥ ವಸ್ತು, ಬೆರೆತ ಅಂಟೇ ಬೇಕು. ಚೀಲದ ಮೇಲೆ ಸಿ1, ಸಿ2 ಎಂದು ಬರೆದಿರುತ್ತದೆ. ಸಿ2 ಅಂಟಿಗೆ ಇರಬೇಕಾದ ಹಿಡಿತ ಸಿ1ರ ಎರಡರಷ್ಟು. ಪಕ್ಕದಲ್ಲಿ ಟಿ ಇದ್ದರೆ ಗೋಡೆಯಿಂದ ಟೈಲ್ ಜಾರುವುದಿಲ್ಲ. ಇ ಇದ್ದರೆ ಹಚ್ಚಿದ ಮೇಲೆ ಟೈಲ್ ಕೂರಿಸಲು ಸಮಯ ಜಾಸ್ತಿ ಸಿಗುತ್ತದೆ.

ಡಬ್ಬಿಯಲ್ಲಿ ಕಲಸಿಯೇ ಬರುವ ಅಂಟು ಸಲೀಸು, ನಿಜ. ಆದರೆ ಅದು ಗಟ್ಟಿಯಾಗುವುದು ನೀರು ಆರಿದಾಗ. ದೊಡ್ಡ ವಿಟ್ರಿಫೈಡ್ ಟೈಲ್ ಕೆಳಗಿನ ನೀರು ಆರುವುದಾದರೂ ಎಲ್ಲಿಂದ? ಒಣ ಗೋಡೆಯ ಮೇಲಿನ ಸಣ್ಣ ಸೆರಾಮಿಕ್ ಟೈಲ್‌ಗೆ ಮಾತ್ರ ಅದನ್ನು ಬಳಸಿ.

ಇನ್ನು ಕಲಸುವುದು. ಬಕೆಟ್‌ಗೆ ಮೊದಲು ಅಳೆದ ನೀರು, ಆಮೇಲೆ ಪುಡಿ. ತಿರುಗಾಮುರುಗಾ ಮಾಡಿದರೆ ತಳದಲ್ಲಿ ಒಣ ಗಂಟುಗಳು ಉಳಿಯುತ್ತವೆ. ಎಷ್ಟು ನೀರು ಎಂಬುದು ಚೀಲದ ಮೇಲೇ ಇರುತ್ತದೆ, ಕಣ್ಣಳತೆ ಬೇಡ. ಡ್ರಿಲ್‌ಗೆ ಕಲಸುವ ಕಡ್ಡಿ ಸಿಕ್ಕಿಸಿ ನಿಧಾನವಾಗಿ ತಿರುಗಿಸಿ. ಜೋರಾಗಿ ತಿರುಗಿಸಿದರೆ ಗಾಳಿ ಸೇರುತ್ತದೆ. ಆಮೇಲೆ 5ರಿಂದ 10 ನಿಮಿಷ ಸುಮ್ನೆ ಬಿಡಿ. ಪುಡಿಯಲ್ಲಿರುವ ಪಾಲಿಮರ್ ಕರಗುವುದು ಆಗಲೇ. ಈ ವಿರಾಮವನ್ನು ದಯವಿಟ್ಟು ತಪ್ಪಿಸಬೇಡಿ. ಮತ್ತೆ ಒಮ್ಮೆ ಕಲಸಿ, ಕೆಲಸ ಶುರು ಮಾಡಿ. ನಡುವೆ ಅಂಟು ಬಿಗಿಯಾಗುತ್ತಾ ಬಂದರೆ ನೀರು ಹಾಕಲು ಕೈ ತುರಿಸುತ್ತದೆ. ಹಾಕಬೇಡಿ. ಆ ಹೆಚ್ಚುವರಿ ನೀರು ಆರಿಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿದು ಅಂಟು ಸಡಿಲವಾಗುತ್ತದೆ. ಬರೀ ತಿರುವಿ ನೋಡಿ. ಆಗಲೂ ಮೆತ್ತಗಾಗದಿದ್ದರೆ ಎಸೆಯುವುದೇ ಸರಿ. ಪುಡಿ ಸುರಿಯುವಾಗ ಮಾಸ್ಕ್, ಕಲಸುವಾಗ ಕೈಗವಸು ಇರಲಿ. ಸಿಮೆಂಟ್ ಚರ್ಮವನ್ನು ಸುಡುತ್ತದೆ.

ಹಚ್ಚುವ ಮೊದಲು ಗೋಡೆಯ ಅಥವಾ ನೆಲದ ದೂಳು ಒರೆಸಿ, ಮಟ್ಟ ನೋಡಿ. ತಗ್ಗಿದ್ದರೆ ಅದನ್ನು ಮೊದಲೇ ತುಂಬಿಸಿ. ತಗ್ಗು ಮುಚ್ಚುವುದು ಅಂಟಿನ ಕೆಲಸವಲ್ಲ. ಜಿಪ್ಸಮ್ ಪ್ಲಾಸ್ಟರ್ ಇದ್ದರೆ ಅಂಟಿಗೆ ಮೊದಲು ಬಳಿಯುವ ಪ್ರೈಮರ್ ಬೇಕೇ ಬೇಕು.

ಒಂದು ಅಂಚಿಗೆ ಹಲ್ಲಿರುವ ಕರಣೆ ತೆಗೆದುಕೊಳ್ಳಿ. ಅದರ ನೇರ ಅಂಚಿನಿಂದ ಅಂಟನ್ನು ಒತ್ತಿ ತೆಳ್ಳಗೆ ಸವರಿ. ಆಮೇಲೆ ಇನ್ನಷ್ಟು ಹಾಕಿ, ಹಲ್ಲಿನ ಅಂಚಿನಿಂದ ಗೆರೆ ಎಳೆಯಿರಿ. ಸಣ್ಣ ಗೋಡೆ ಟೈಲ್‌ಗೆ 6 ಮಿಲಿಮೀಟರ್ ಹಲ್ಲು ಸಾಕು, ದೊಡ್ಡ ನೆಲದ ಟೈಲ್‌ಗೆ 10 ಅಥವಾ 12. ಗೆರೆಗಳೆಲ್ಲ ಒಂದೇ ದಿಕ್ಕಿಗೆ ನೇರವಾಗಿರಲಿ. ಸುತ್ತಿ ಸುತ್ತಿ ಎಳೆದರೆ ನೋಡಲು ಚಂದ, ಆದರೆ ಸುರುಳಿಯೊಳಗೆ ಸಿಕ್ಕ ಗಾಳಿಗೆ ಹೊರಬರಲು ದಾರಿಯಿಲ್ಲ. ನೇರ ಗೆರೆಯಾದರೆ ತುದಿಯಿಂದ ಹೊರಟುಹೋಗುತ್ತದೆ. ಟೈಲ್ ಇಟ್ಟು, ಗೆರೆಗೆ ಅಡ್ಡಲಾಗಿ ಹಿಂದೆ ಮುಂದೆ ಒತ್ತಿ ಸರಿಸಿ. ಗೆರೆಗಳು ಕುಸಿದು ನಡುವಿನ ಕಾಲುವೆ ತುಂಬಿಕೊಳ್ಳುತ್ತದೆ. ದೊಡ್ಡ ಟೈಲ್ ಆದರೆ ಅದರ ಬೆನ್ನಿಗೂ ತೆಳ್ಳಗೆ ಅಂಟು ಬಳಿಯಿರಿ. ಐದು ಕಡೆ ಮುದ್ದೆ ಇಟ್ಟು ಟೈಲ್ ಒತ್ತುವ ಪದ್ಧತಿಯನ್ನಂತೂ ಬಿಟ್ಟೇಬಿಡಿ.

ಒಂದೇ ಸಲಕ್ಕೆ ಇಡೀ ಗೋಡೆಗೆ ಹಚ್ಚಬೇಡಿ. ಸಾಮಾನ್ಯ ಅಂಟಿಗೆ ಸುಮಾರು 20 ನಿಮಿಷದ ಅವಕಾಶ, ಬಿಸಿಲು ಗಾಳಿಯಲ್ಲಿ ಇನ್ನೂ ಕಡಿಮೆ. ಹಾಲಿನಂತೆ ಮೇಲೆ ಕೆನೆ ಕಟ್ಟಿ, ಮುಟ್ಟಿದರೆ ಬೆರಳಿಗೆ ಹತ್ತದಿದ್ದರೆ ಕೆರೆದು ತೆಗೆದು ಹೊಸದಾಗಿ ಹಚ್ಚಿ.

ಆರಂಭದಲ್ಲೇ ಕೂರಿಸಿದ ಒಂದು ಟೈಲ್ ಎತ್ತಿ, ಬೆನ್ನು ನೋಡಿ. ಒಣ ಜಾಗದಲ್ಲಿ ಕನಿಷ್ಠ ಶೇ. 80, ಬಚ್ಚಲಿನಲ್ಲಿ, ಹೊರಾಂಗಣದಲ್ಲಿ ಶೇ. 95ರಷ್ಟು ಅಂಟು ಹತ್ತಿರಬೇಕು. ಇಲ್ಲದಿದ್ದರೆ ಹಲ್ಲಿನ ಅಳತೆ ಬದಲಿಸಿ. ಒಂದು ಟೈಲ್ ಎತ್ತಿ ಮತ್ತೆ ಕೂರಿಸಲು ಎರಡು ನಿಮಿಷ ಸಾಕು. ಎಷ್ಟೋ ಜನ ಇದನ್ನು ಮಾಡುವುದೇ ಇಲ್ಲ.

ಸಂದುಗಳಲ್ಲಿ ಉಕ್ಕಿದ ಅಂಟನ್ನು ಹಸಿ ಇರುವಾಗಲೇ ಕೆರೆಯಿರಿ. ಸಾಮಾನ್ಯ ಅಂಟಾದರೆ ಒಂದು ದಿನ ಬಿಟ್ಟು ಸಂದುಗಳಿಗೆ ಗ್ರೌಟ್, ಅಂದರೆ ಸಂದು ಮುಚ್ಚುವ ಗಾರೆ, ತುಂಬಿಸಿ. ಗೋಡೆ ಮತ್ತು ನೆಲ ಸೇರುವ ಸಂದಿಗೆ ಮಾತ್ರ ಗ್ರೌಟ್ ಬೇಡ, ಸಿಲಿಕೋನ್ ಹಾಕಿ. ಅವೆರಡೂ ಬೇರೆ ಬೇರೆಯಾಗಿ ಅಲುಗುತ್ತವೆ, ಗ್ರೌಟ್ ಅಲ್ಲಿ ಬಿರುಕು ಬಿಡುತ್ತದೆ. ನಮಸ್ಕಾರ.